ಖಿನ್ನತೆಗೆ ಕಾಂತ ಚಿಕಿತ್ಸೆ: ನಮ್ಮ ತಾಲೂಕುಗಳಿಗೆ ತಲುಪುವುದೆಂದು?

(ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಾಗರಿಕರ ಮುಂದೆ ಮಾಡಿದ ಭಾಷಣದ ಪಾಠ)



ಕೈ ಮುರಿದವನನ್ನು ನಾವು ವೈದ್ಯರ ಬಳಿಗೆ ಒಯ್ಯುತ್ತೇವೆ. ಮನಸ್ಸು ಕುಸಿದವನಿಗೆ ಮಾತ್ರ ಬುದ್ಧಿವಾದ ಹೇಳುತ್ತೇವೆ. ಸೋಮಾರಿ ಎನ್ನುತ್ತೇವೆ, ಗಾಳಿ ಸೋಕಿದೆ ಎನ್ನುತ್ತೇವೆ. ಸಾಲದ್ದಕ್ಕೆ ದೇವನಲ್ಲಿ ವಿಶ್ವಾಸ ಕಡಿಮೆಯಾಗಿದೆ ಎಂಬ ತೀರ್ಪನ್ನೂ ನೀಡುತ್ತೇವೆ. ಖಿನ್ನತೆಯು ಒಂದು ರೋಗ. ಪ್ರಾರ್ಥನೆಯು ರೋಗಿಗೆ ನೆಮ್ಮದಿ ನೀಡಬಹುದು. ವೈದ್ಯರ ಬಳಿಗೆ ಹೋಗದಿರಲು ಅದು ನೆಪವಾಗಬಾರದು.

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಖಿನ್ನತೆಯಿಂದ ಬಳಲುವವರಲ್ಲಿ ಶೇ. 85ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಚಿಕಿತ್ಸೆ ಪಡೆದವರಲ್ಲಿಯೂ ಕೆಲವರಿಗೆ ಗುಣ ಕಾಣುವುದಿಲ್ಲ. ಎರಡು ಬಗೆಯ ಔಷಧಗಳನ್ನು ಸಾಕಷ್ಟು ಪ್ರಮಾಣದಲ್ಲಿ, ಸಾಕಷ್ಟು ವಾರಗಳ ಕಾಲ ಸೇವಿಸಿದರೂ ಫಲ ದೊರೆಯದಿದ್ದಾಗ ಅದನ್ನು ಸುಲಭವಾಗಿ ಮಣಿಯದ ಖಿನ್ನತೆ ಎನ್ನುತ್ತಾರೆ. ಇಂಥವರಿಗೆ ಇನ್ನು ದಾರಿಯೇ ಇಲ್ಲವೆಂದು ಕೈಚೆಲ್ಲಬೇಕಾಗಿಲ್ಲ.

ಬದಲಾಗುವ ಕಾಂತಕ್ಷೇತ್ರವು ವಿದ್ಯುತ್ತನ್ನು ಹುಟ್ಟಿಸುತ್ತದೆ ಎಂಬುದನ್ನು ಫ್ಯಾರಡೆ 1831ರಲ್ಲಿಯೇ ತೋರಿಸಿದ್ದರು. ಆ ತತ್ವವನ್ನೇ ಬಳಸಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಆಂಥನಿ ಬಾರ್ಕರ್ ಮತ್ತು ಸಂಗಡಿಗರು 1985ರಲ್ಲಿ ತಲೆಬುರುಡೆಯ ಹೊರಗಿನಿಂದಲೇ ಮೆದುಳನ್ನು ಪ್ರಚೋದಿಸಿದರು. ಖಿನ್ನತೆಯ ಚಿಕಿತ್ಸೆಗಾಗಿ ಈ ಯಂತ್ರಕ್ಕೆ ಅಮೆರಿಕದಲ್ಲಿ 2008ರಲ್ಲಿ ಅನುಮತಿ ದೊರೆಯಿತು. ರೋಗಿಯು ಎಚ್ಚರದಿಂದಲೇ ಕುರ್ಚಿಯಲ್ಲಿ ಕುಳಿತಿರುತ್ತಾನೆ. ಸಾಮಾನ್ಯವಾಗಿ ಹಣೆಯ ಎಡಭಾಗದ ಮೇಲೆ ಸುರುಳಿಯೊಂದನ್ನು ಇರಿಸುತ್ತಾರೆ. ಅದರ ಕಾಂತ ಮಿಡಿತಗಳು ಮನೋಭಾವವನ್ನು ನಿಯಂತ್ರಿಸುವ ನರಜಾಲವನ್ನು ಚುರುಕುಗೊಳಿಸುತ್ತವೆ. ಅರಿವಳಿಕೆ ಬೇಕಿಲ್ಲ, ಇದು ಶಾಕ್ ಚಿಕಿತ್ಸೆಯೂ ಅಲ್ಲ.

ಆದರೆ ಇದನ್ನು ಪವಾಡವೆಂದು ಸಾರುವುದೂ ಸರಿಯಲ್ಲ. ಎಲ್ಲರಿಗೂ ಇದರಿಂದ ಗುಣವಾಗುವುದಿಲ್ಲ. ಕೆಲವರಿಗೆ ತಲೆನೋವು ಬರುತ್ತದೆ, ತೀರಾ ಅಪರೂಪಕ್ಕೆ ಮೂರ್ಛೆ ಬರಬಹುದು. ತಲೆಯೊಳಗೆ ಲೋಹದ ಉಪಕರಣವಿರುವವರಿಗೆ ಇದು ಸಲ್ಲದು. ಪ್ರಾಣಾಪಾಯದ ಮಟ್ಟಕ್ಕೆ ಮುಟ್ಟಿದ ತೀವ್ರ ಖಿನ್ನತೆಗೆ, ಅರಿವಳಿಕೆ ನೀಡಿ ಮಾಡುವ ವಿದ್ಯುತ್ ಚಿಕಿತ್ಸೆಯೇ ಇಂದಿಗೂ ಹೆಚ್ಚು ಪರಿಣಾಮಕಾರಿ.

ನಮ್ಮ ನಿಜವಾದ ಪ್ರಶ್ನೆ ಬೇರೆಯೇ ಇದೆ. ವಾರಕ್ಕೆ 5 ದಿನದಂತೆ 6 ವಾರಗಳೆಂದರೆ 30 ಬಾರಿ ಆಸ್ಪತ್ರೆಗೆ ಹೋಗಬೇಕು. ಹೊಸ ವಿಧಾನದಲ್ಲಿ ಒಂದು ಸರದಿಯು ಮೂರೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಆ ಮೂರು ನಿಮಿಷಕ್ಕಾಗಿ ಹುಕ್ಕೇರಿಯ ಕಬ್ಬು ಕಡಿಯುವ ಕೂಲಿಯು ಎಲ್ಲಿಗೆ ಹೋಗಬೇಕು? ಈ ಸೌಲಭ್ಯವಿರುವ ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ಸುಮಾರು 500 ಕಿ.ಮೀ. ದೂರ. ರೋಗಿಯ ಜೊತೆ ಒಬ್ಬರು ಹೋದರೂ 60 ದಿನಗಳ ಕೂಲಿ ಕಳೆದುಹೋಗುತ್ತದೆ. ಇಷ್ಟನ್ನು ಬಡವರು ಭರಿಸಬಲ್ಲರೇ?

ಆದ್ದರಿಂದ ಸರಕಾರದ ಮುಂದೆ ನಾವು ಮೂರು ಬೇಡಿಕೆಗಳನ್ನಿಡುತ್ತೇವೆ. ಮೊದಲನೆಯದಾಗಿ, ತಾಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ನಿಗದಿತ ದಿನ ತಪ್ಪದೇ ಬರಬೇಕು; 2014ರ 'ಮನೋಚೈತನ್ಯ' ಕಾರ್ಯಕ್ರಮದ ಉದ್ದೇಶವೇ ಅದು. ಗೋಕಾಕದಿಂದ ಬೇರ್ಪಟ್ಟ ಹೊಸ ತಾಲೂಕಾದ ಮೂಡಲಗಿಯು ಇದರಿಂದ ಹೊರಗುಳಿಯಬಾರದು. ಮೊದಲ ಔಷಧವೇ ಸಿಗದ ಕಡೆ ಕಾಂತ ಯಂತ್ರದ ಮಾತು ವ್ಯರ್ಥ. ಎರಡನೆಯದಾಗಿ, ಬೆಳಗಾವಿ ಭಾಗದ ರೋಗಿಗಳಿಗೆ ಈ ಚಿಕಿತ್ಸೆಯು ಹತ್ತಿರದ ಸರಕಾರಿ ಸಂಸ್ಥೆಯಲ್ಲಿಯೇ ಉಚಿತವಾಗಿ ದೊರೆಯಬೇಕು. ಧಾರವಾಡದ ಡಿಮ್ಹಾನ್ಸ್ ಇದಕ್ಕೆ ತಕ್ಕ ಸ್ಥಳ. ಮೂರನೆಯದಾಗಿ, ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯ್ದೆ ಹೇಳುತ್ತದೆ. ಅದು ಕಡತದಲ್ಲಿಯೇ ಉಳಿಯಬಾರದು.

ಸರಕಾರದ ಕರ್ತವ್ಯದೊಂದಿಗೆ ನಮ್ಮದೂ ಇದೆ. ಮನೆಯಲ್ಲಿ ಯಾರಾದರೂ ಎರಡು ವಾರಗಳಿಂದ ಸತತವಾಗಿ ನಿದ್ದೆಗೆಟ್ಟು, ಊಟ ಸೇರದೆ, ಬದುಕೇ ಬೇಡವೆನ್ನುತ್ತಿದ್ದರೆ ಅವರನ್ನು ಗದರಿಸಬೇಡಿ, ಒಂಟಿಯಾಗಿ ಬಿಡಬೇಡಿ. 2022ರಲ್ಲಿ ಆರಂಭವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಬಳಿಕ ವೈದ್ಯರ ಬಳಿಗೆ ನೀವೇ ಜೊತೆಯಾಗಿ ಹೋಗಿರಿ. ಒಂದು ಜೀವ ಉಳಿಯಲು ಎಷ್ಟೋ ಬಾರಿ ಅಷ್ಟು ಸಾಕಾಗುತ್ತದೆ.