ವಸ್ತುಸಂಗ್ರಹಾಲಯದ ಕಲ್ಲು, ಊರಿನ ಕಲ್ಲು

(ಉಪನ್ಯಾಸದ ಬರಹರೂಪ)

ಜಕ್ಕೂರಿನ ಕಡೆಯಿಂದ ರಜಾದಿನಗಳಲ್ಲಿ ಕಬ್ಬನ್ ಉದ್ಯಾನಕ್ಕೆ ಹೋಗುವವರು ಬಹಳ ಮಂದಿ. ಮರಗಳ ನೆರಳಿನಲ್ಲಿ ಅಡ್ಡಾಡಿ, ಮಕ್ಕಳಿಗೆ ಬಾಲಭವನ ತೋರಿಸಿ ಹಿಂದಿರುಗುತ್ತಾರೆ. ಉದ್ಯಾನದ ಅಂಚಿನಲ್ಲಿ, ಕಸ್ತೂರಬಾ ರಸ್ತೆಗೆ ಮುಖ ಮಾಡಿ ನಿಂತ ಕೆಂಪು ಕಟ್ಟಡವನ್ನು ಹೊರಗಿನಿಂದ ನೋಡುವವರೇ ಹೆಚ್ಚು. ಒಳಗೆ ಹೋದವರು ಕಡಿಮೆ. ಹೋದವರಲ್ಲೂ ಕಲ್ಲುಗಳ ಮುಂದೆ ನಿಂತವರು ಇನ್ನೂ ಕಡಿಮೆ.

ಅದು ಸರ್ಕಾರಿ ವಸ್ತುಸಂಗ್ರಹಾಲಯ. ಸ್ಥಾಪನೆಯಾದದ್ದು 1865ರಲ್ಲಿ, ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದಾಗ. ಮದರಾಸಿನಲ್ಲಿ 1851ರಲ್ಲಿ ವಸ್ತುಸಂಗ್ರಹಾಲಯ ತೆರೆದ ಎಡ್ವರ್ಡ್ ಬಾಲ್ಫೋರ್ ಇದಕ್ಕೂ ಪ್ರೇರಣೆ. ಮೊದಲು ಅದು ದಂಡು ಪ್ರದೇಶದಲ್ಲಿತ್ತು. ಮ್ಯೂಸಿಯಂ ರಸ್ತೆ ಎಂಬ ಹೆಸರು ಅದರ ಗುರುತಾಗಿ ಉಳಿದಿದೆ. ಈಗಿನ ಕಟ್ಟಡ 1877ರದು, ರಿಚರ್ಡ್ ಸ್ಯಾಂಕಿಯವರ ವಿನ್ಯಾಸ. ಪ್ರಾಣಿ, ಸಸ್ಯ, ಖನಿಜಗಳ ಮಾದರಿಗಳ ಜೊತೆಗೆ ನಾಣ್ಯ, ವಿಗ್ರಹ, ಶಾಸನಗಳನ್ನೂ ಒಂದೇ ಸೂರಿನಡಿ ಇಡುವುದು ಆ ಕಾಲದ ಪದ್ಧತಿ.

ಇಲ್ಲಿ ಎರಡು ಕಲ್ಲುಗಳನ್ನು ನೋಡಿದರೂ ಹೋದದ್ದು ಸಾರ್ಥಕ. ಮೊದಲನೆಯದು ಬೇಗೂರಿನ ವೀರಗಲ್ಲು. ಗಂಗರ ಕಾಲದ್ದು, ಸುಮಾರು ಕ್ರಿ.ಶ. 900ರದು. ತುಂಬೆಪಾಡಿಯ ಕಾಳಗದಲ್ಲಿ ನಾಗತ್ತರನೆಂಬ ವೀರ ಆನೆಗಳೊಡನೆ ಹೋರಾಡಿ ಮಡಿದ. ಸುದ್ದಿ ಕೇಳಿದ ಗಂಗರ ಎರೆಯಪ್ಪ, ಇರುಗನೆಂಬವನಿಗೆ ನಾಗತ್ತರ ಪಟ್ಟ ಕಟ್ಟಿ, ಬೆಂಪೂರು ಹನ್ನೆರಡು ಎಂಬ ಸೀಮೆಯನ್ನು ಕೊಟ್ಟ. ಆ ಬೆಂಪೂರೇ ಇಂದಿನ ಬೇಗೂರು. ಆನೆ, ಕುದುರೆ, ಕಾಲಾಳುಗಳ ಕಾಳಗವೆಲ್ಲ ಆ ಕಲ್ಲಿನ ಮೇಲೆ ಕಿಕ್ಕಿರಿದಿದೆ.

ಎರಡನೆಯದು ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯ ಸತ್ತ ಸಂಗತಿ ಇದರಲ್ಲಿದೆ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜನನ್ನಲ್ಲ, ಒಂದು ನಾಯಿಯನ್ನು. ಯುದ್ಧದಲ್ಲಿ ಮೆರೆದ ಮಣಲೆರನಿಗೆ ಏನು ಬೇಕೆಂದು ಗಂಗ ಬೂತುಗ ಕೇಳಿದಾಗ ಅವನು ಬೇಡಿದ್ದು ಬೂತುಗನ ಬೇಟೆನಾಯಿ ಕಾಳಿಯನ್ನು. ಆ ಕಾಳಿ ಕಾಡುಹಂದಿಯೊಂದರ ಮೇಲೆ ಬಿದ್ದು, ಎರಡೂ ಕಚ್ಚಾಡಿ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಗುಡಿಯ ಗೊರವ ಉಂಡರೆ ಅವನಿಗೆ ಪಾಪ ತಟ್ಟುತ್ತದೆಂದೂ ಬರೆಸಿದರು.

ಈ ಕೊನೆಯ ಮಾತನ್ನು ಗಮನಿಸಬೇಕು. ಕಲ್ಲಿಗೆ ಊರಿನಲ್ಲಿ ಒಂದು ಸ್ಥಾನವಿತ್ತು. ಅದನ್ನು ದಿನವೂ ನೋಡಿಕೊಳ್ಳುವವರಿದ್ದರು. ವಸ್ತುಸಂಗ್ರಹಾಲಯದಲ್ಲಿ ಕಲ್ಲು ಸುರಕ್ಷಿತವಾಗಿದೆ, ಆದರೆ ಆ ಸಂಬಂಧ ಕಡಿದಿದೆ. ಹಾಗೆಂದು ತಂದದ್ದೇ ತಪ್ಪೆನ್ನುವಂತಿಲ್ಲ. ಬೇಗೂರಿನಲ್ಲೇ ಉಳಿದ ಇನ್ನೊಂದು ಕಲ್ಲನ್ನು ನೋಡಿ. ‘ಬೆಂಗಳೂರು ಕಾಳಗ’ವನ್ನು ಹೆಸರಿಸುವ ಶಾಸನ ಅದು, ಈ ನಗರದ ಹೆಸರು ಸಾವಿರ ವರ್ಷಕ್ಕಿಂತ ಹಳೆಯದೆಂಬುದಕ್ಕೆ ಸಾಕ್ಷಿ. ಅಂಥ ಕಲ್ಲೂ ಗುಡಿಯ ಆವರಣದಲ್ಲಿ ಬಹುಕಾಲ ಹೇಳುವವರು ಕೇಳುವವರಿಲ್ಲದೆ ಬಿದ್ದಿತ್ತು.

ಬೆಂಗಳೂರಿನಲ್ಲೇ ಹುಟ್ಟಿದ ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಒಂಬತ್ತನೆಯ ಸಂಪುಟದಲ್ಲಿ 1905ರಲ್ಲಿ ಪ್ರಕಟಿಸಿದರು. ಅದರಲ್ಲಿ ಹೆಸರಿಸಿದ ಎಷ್ಟೋ ಕಲ್ಲುಗಳು ಇಂದು ಹುಡುಕಿದರೂ ಸಿಗುವುದಿಲ್ಲ. ಹೊಲಗಳು ಬಡಾವಣೆಗಳಾದವು, ದಾರಿಗಳು ಅಗಲವಾದವು. ಅಕ್ಷರವಿದ್ದ ಕಲ್ಲು ತಳಪಾಯಕ್ಕೆ ಹೋಯಿತು, ಇಲ್ಲವೇ ಮಣ್ಣಿನಡಿ ಸೇರಿತು. ಪುಸ್ತಕದಲ್ಲಿ ಪಾಠವಾದರೂ ಉಳಿಯಿತು ಎಂಬುದಷ್ಟೇ ಸಮಾಧಾನ.

ಇದಕ್ಕೆ ವಿರುದ್ಧವಾದ ಒಂದು ಸಂಗತಿ ಜಕ್ಕೂರಿನ ನೆರೆಯಲ್ಲೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ಒಂದು ವೀರಗಲ್ಲು ಬೆಳಕಿಗೆ ಬಂತು. ಗಂಗ ಶ್ರೀಪುರುಷನ ಆಳ್ವಿಕೆಯ ಈ ಕಲ್ಲು ಸುಮಾರು ಕ್ರಿ.ಶ. 750ರದೆಂದು ವಿದ್ವಾಂಸರು ಓದಿದ್ದಾರೆ. ಕಾಳಗದಲ್ಲಿ ಮಡಿದ ಕಿತ್ತಯ್ಯನ ನೆನಪಿನ ಕಲ್ಲದು. ರೈಸ್ ಅವರ ಸಂಪುಟದಲ್ಲಿ ಇಲ್ಲದ್ದು, ಬೇಗೂರಿನ ಕಲ್ಲಿಗಿಂತ ಒಂದೂವರೆ ಶತಮಾನ ಹಳೆಯದು. ಅದನ್ನು ಬೇರೆಡೆಗೆ ಸಾಗಿಸದೆ ಆಸಕ್ತರೂ ಊರಿನವರೂ ಸೇರಿ ಹೆಬ್ಬಾಳದಲ್ಲೇ ಮಂಟಪ ಕಟ್ಟಿ ನಿಲ್ಲಿಸಿದರು.

ಕಲ್ಲು ಉಳಿಯುವುದು ಗಾಜಿನ ಪೆಟ್ಟಿಗೆಯಿಂದಲ್ಲ, ಅದನ್ನು ಬಲ್ಲ ಜನರಿಂದ. ಅಂಥ ಬಲ್ಲವರನ್ನು ಮಾಡುವುದೇ ವಸ್ತುಸಂಗ್ರಹಾಲಯದ ನಿಜವಾದ ಕೆಲಸ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವವರು ಪ್ರತಿ ವಸ್ತುವಿನ ಮುಂದೆ ‘ಇದು ಯಾವ ಊರಿನದು?’ ಎಂದು ಕೇಳಲು ಕಲಿಸಲಿ. ಬರುವ ದಾರಿಯಲ್ಲಿ ಹೆಬ್ಬಾಳದಲ್ಲಿಳಿದು ಕಿತ್ತಯ್ಯನ ಕಲ್ಲನ್ನೂ ತೋರಿಸಲಿ. ಹಾಗೆ ನೋಡಿ ಬಂದ ಮಗು ಕೆರೆಯ ಏರಿಯ ಮೇಲೋ, ಗುಡಿಯ ಹಿಂದೋ, ಅಗೆದು ಹಾಕಿದ ಮಣ್ಣಿನ ರಾಶಿಯಲ್ಲೋ ಅಕ್ಷರವಿರುವ ಚಪ್ಪಡಿ ಕಂಡರೆ ಸುಮ್ಮನೆ ದಾಟಿ ಹೋಗುವುದಿಲ್ಲ.