ತಿಥಿ ನೋಡಿ ಗಾಳ

ತ್ಯಾಗರಾಜನಗರದ ನಮ್ಮ ಮನೆಗಳಲ್ಲಿ ಏಕಾದಶಿ, ಸಂಕಷ್ಟಿಗೆಂದು ಗೋಡೆಯ ಕ್ಯಾಲೆಂಡರು ನೋಡುತ್ತೇವೆ. ಕುಮಟಾ ಬಳಿಯ ಅಘನಾಶಿನಿ ಅಳಿವೆಯಲ್ಲಿ ಗಾಳ ಹಾಕುವವರಿಗೂ ತಿಥಿ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ನೀರಿನ ಓಟ ಜೋರು. ಅಷ್ಟಮಿಯ ಹೊತ್ತಿಗೆ ಎರಡೂ ತಗ್ಗುತ್ತವೆ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗಿ.

ನೀರು ಏರುವಾಗ ಮೀನು ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬೇರಿನ ನಡುವೆ ಮೇಯಲು ನುಗ್ಗುತ್ತದೆ. ಇಳಿಯುವಾಗ ಸಣ್ಣ ಕಾಲುವೆಗಳ ಬಾಯಲ್ಲಿ ಕಾಯುತ್ತದೆ, ಕೊಚ್ಚಿಬರುವ ಸಿಗಡಿಗಾಗಿ. ಗಾಳಕ್ಕೆ ಸಿಗಡಿ ಚುಚ್ಚಿ ಬಿಡಬೇಕಾದದ್ದು ಆಗಲೇ. ನೀರು ನಿಂತ ಗಳಿಗೆಯಲ್ಲಿ ಎಷ್ಟು ಕೂತರೂ ದಾರ ಅಲ್ಲಾಡುವುದು ಅಪರೂಪ. ಮಳೆಗಾಲದಲ್ಲಂತೂ ಸಿಹಿನೀರು ಉಪ್ಪನ್ನೇ ಕಡಲಿನತ್ತ ದಬ್ಬುತ್ತದೆ. ಉಪ್ಪು ಬೇಕಾದ ಮೀನೂ ಅದರ ಹಿಂದೆಯೇ ಹೊರಡುತ್ತದೆ.

ಅಘನಾಶಿನಿ ನದಿಗೆ ದೊಡ್ಡ ಅಣೆಕಟ್ಟು ಕಟ್ಟಿಲ್ಲ. ಸಿಹಿನೀರು, ಉಪ್ಪುನೀರು ಇಂದಿಗೂ ತಮ್ಮ ಪಾಡಿಗೆ ಬೆರೆಯುವುದು ಅದರಿಂದಲೇ. 2024ರಲ್ಲಿ ಈ ಅಳಿವೆ ಅಂತಾರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಸಲ್ಲಬೇಕಾದ ಗೌರವವೇ ಅದು.

ರಜೆಯಲ್ಲಿ ಗಾಳ ಹಿಡಿದು ಆ ಕಡೆ ಹೋಗುವವರಿದ್ದರೆ, ಮರಿಮೀನನ್ನು ನೀರಿಗೇ ಬಿಡಿ. ತುಂಡಾದ ತಂಗೂಸಿ ದಾರವನ್ನು ಕಾಂಡ್ಲಾ ಬೇರಿನಲ್ಲಿ ಬಿಟ್ಟು ಬರಬೇಡಿ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.