ಹಸುಗೂಸಿನ ಹಾಲಿನ ಪುಡಿ: ನೀರು, ಶಾಖ, ಅಳತೆ ಮತ್ತು ಅವಧಿ

(ಗ್ರಾಮ ಪಂಚಾಯತಿ ಸದಸ್ಯರ ತರಬೇತಿ ಕಾರ್ಯಾಗಾರದಲ್ಲಿ ಪಂಚಾಯತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ರಸ್ತೆ, ಚರಂಡಿ, ಬೀದಿ ದೀಪಗಳ ವಿಷಯ ಚರ್ಚಿಸುವ ಈ ಸಭೆಯಲ್ಲಿ ಹಸುಗೂಸಿನ ಹಾಲಿನ ಪ್ರಸ್ತಾಪವೇಕೆ ಎಂಬ ಪ್ರಶ್ನೆ ತಮ್ಮಲ್ಲಿ ಮೂಡಬಹುದು. ನಾನು ಓದಿದ್ದು ಎಂಜಿನಿಯರಿಂಗ್, ವೈದ್ಯಕೀಯವಲ್ಲ. ಆದರೆ ಡಬ್ಬಿಯ ಹಾಲಿನ ಪುಡಿಯನ್ನು ಕಲಸಿ ಮಗುವಿಗೆ ಕುಡಿಸುವ ಕೆಲಸದಲ್ಲಿ ಅಪಾಯವನ್ನೂ ಸುರಕ್ಷತೆಯನ್ನೂ ನಿರ್ಧರಿಸುವುದು ನಾಲ್ಕೇ ಸಂಗತಿಗಳು: ನೀರು, ಶಾಖ, ಅಳತೆ ಮತ್ತು ಅವಧಿ. ಇವುಗಳಲ್ಲಿ ಮೊದಲನೆಯದಾದ ನೀರು ನೇರವಾಗಿ ನಮ್ಮ ಪಂಚಾಯತಿಯ ಹೊಣೆ.

ಆರಂಭದಲ್ಲಿಯೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಮೊದಲ ಆರು ತಿಂಗಳು ಮಗುವಿಗೆ ತಾಯಿಯ ಹಾಲೊಂದೇ ಸಾಕು. ಬೇಸಿಗೆಯಲ್ಲಿಯೂ ಬೇರೆ ನೀರು ಬೇಡ. ಆನಂತರ ಪೂರಕ ಆಹಾರದೊಡನೆ ಎರಡು ವರ್ಷ ಹಾಗೂ ಅದಕ್ಕೂ ಮೇಲೆ ಎದೆಹಾಲು ಮುಂದುವರಿಯಬೇಕು. ತಾಯಿಗೆ ಸಾಮಾನ್ಯ ನೆಗಡಿ, ಜ್ವರ ಬಂದ ಮಾತ್ರಕ್ಕೆ ಹಾಲು ಬಿಡಿಸುವ ಅಗತ್ಯವಿಲ್ಲ. ಆದರೂ ತಾಯಿಯನ್ನು ಕಳೆದುಕೊಂಡ ಮಗು, ತೀವ್ರ ಕಾಯಿಲೆಯಲ್ಲಿರುವ ತಾಯಿ, ಎದೆಹಾಲಿಗೆ ಹೊಂದದ ಔಷಧ ಸೇವಿಸಬೇಕಾದ ತಾಯಿ, ಇಂತಹ ಸನ್ನಿವೇಶಗಳು ನಮ್ಮ ಗ್ರಾಮಗಳಲ್ಲಿಯೂ ಇವೆ. ಆಗ ವೈದ್ಯರ ಸಲಹೆಯ ಮೇರೆಗೆ ಪುಡಿ ಹಾಲು ಅನಿವಾರ್ಯವಾಗುತ್ತದೆ. ಆ ಮನೆಯವರಿಗೆ ಬೇಕಾದುದು ಟೀಕೆಯಲ್ಲ, ಸರಿಯಾದ ಮಾಹಿತಿ.

ಮುಚ್ಚಿದ ಡಬ್ಬಿಯೊಳಗಿನ ಪುಡಿ ಸಂಪೂರ್ಣ ಕ್ರಿಮಿರಹಿತ ಎಂದು ಬಹುಪಾಲು ಜನ ನಂಬಿದ್ದಾರೆ. ಅದು ಹಾಗಲ್ಲ. ತಯಾರಿಕೆಯ ಹಂತದಲ್ಲಿಯೇ ಕ್ರೋನೋಬ್ಯಾಕ್ಟರ್, ಸಾಲ್ಮೊನೆಲ್ಲಾ ಮುಂತಾದ ಬ್ಯಾಕ್ಟೀರಿಯಾಗಳು ಅಲ್ಪ ಪ್ರಮಾಣದಲ್ಲಿ ಸೇರಿರುವ ಸಾಧ್ಯತೆಯುಂಟು. ಒಣ ಪುಡಿಯಲ್ಲಿ ಅವು ಬೆಳೆಯುವುದಿಲ್ಲ, ಆದರೆ ಬದುಕಿರುತ್ತವೆ. ಉಗುರುಬೆಚ್ಚಗಿನ ನೀರು ದೊರೆತೊಡನೆ ವೃದ್ಧಿಸುತ್ತವೆ. ಕ್ರೋನೋಬ್ಯಾಕ್ಟರ್ ಸೋಂಕು ವಿರಳವಾದರೂ ಎರಡು ತಿಂಗಳೊಳಗಿನ ಶಿಶುಗಳಿಗೆ, ಅವಧಿಗೆ ಮುನ್ನ ಜನಿಸಿದ ಅಥವಾ ತೂಕ ಕಡಿಮೆಯಿರುವ ಶಿಶುಗಳಿಗೆ ಪ್ರಾಣಾಂತಿಕವಾಗಬಲ್ಲದು. ಆದುದರಿಂದಲೇ ವಿಶ್ವ ಆರೋಗ್ಯ ಸಂಸ್ಥೆಯು 2007ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಪುಡಿಯನ್ನು ಕನಿಷ್ಠ 70 ಡಿಗ್ರಿ ಸೆಲ್ಸಿಯಸ್ ಬಿಸಿಯಿರುವ ನೀರಿನಲ್ಲಿ ಕಲಸಬೇಕೆಂದು ಹೇಳಿದೆ. ಆ ಶಾಖದಲ್ಲಿ ಈ ಬ್ಯಾಕ್ಟೀರಿಯಾಗಳು ಸಾಯುತ್ತವೆ.

ಮನೆಯಲ್ಲಿ ಉಷ್ಣಮಾಪಕವಿಲ್ಲದೆ 70 ಡಿಗ್ರಿಯನ್ನು ತಿಳಿಯುವುದು ಹೇಗೆ? ಕನಿಷ್ಠ ಒಂದು ಲೀಟರ್ ನೀರನ್ನು ಕೊತಕೊತನೆ ಕುದಿಸಿ, ಮುಚ್ಚಳ ಮುಚ್ಚಿ, ಅರ್ಧ ಗಂಟೆಯೊಳಗೆ ಬಳಸಬೇಕು. ಒಂದು ಲೋಟ ನೀರನ್ನಷ್ಟೇ ಕುದಿಸಿದರೆ ಅದು ಬಹುಬೇಗ ಆರುತ್ತದೆ. ಅರ್ಧ ಗಂಟೆಯ ಲೆಕ್ಕ ಅದಕ್ಕೆ ಅನ್ವಯಿಸದು. ತಯಾರಿಕೆಯ ಕ್ರಮ ಹೀಗಿದೆ:

1. ಕೈಗಳನ್ನು ಸಾಬೂನಿನಿಂದ ತೊಳೆದು, ಪುಡಿ ಕಲಸುವ ಜಾಗವನ್ನು ಶುಚಿಗೊಳಿಸಬೇಕು.

2. ಬಟ್ಟಲು, ಚಮಚ, ಒಳಲೆಗಳನ್ನು ಉಜ್ಜಿ ತೊಳೆದು, ನೀರಿನಲ್ಲಿ ಪೂರ್ತಿ ಮುಳುಗಿಸಿ ಕುದಿಸಬೇಕು. ನಿಪ್ಪಲ್ ಇರುವ ಬಾಟಲಿಯ ಮೂಲೆಗಳಲ್ಲಿ ಹಾಲಿನ ಜಿಡ್ಡು ಉಳಿಯುವುದರಿಂದ ಬಟ್ಟಲು-ಚಮಚ ಅಥವಾ ನಮ್ಮ ಹಿರಿಯರು ಬಳಸುತ್ತಿದ್ದ ಒಳಲೆಯೇ ಮೇಲು.

3. ಮೊದಲು ಬಿಸಿನೀರನ್ನು ಅಳೆದು ಹಾಕಿ, ಆನಂತರ ಪುಡಿ ಬೆರೆಸಬೇಕು. ಅದೇ ಡಬ್ಬಿಯ ಚಮಚವನ್ನೇ ಬಳಸಿ, ಒತ್ತದೆ, ಮಟ್ಟಸವಾಗಿ ಸವರಿ ಅಳೆಯಬೇಕು. ಎಷ್ಟು ನೀರಿಗೆ ಎಷ್ಟು ಚಮಚ ಎಂಬುದನ್ನು ಡಬ್ಬಿಯ ಮೇಲಿರುವಂತೆಯೇ ಪಾಲಿಸಬೇಕು.

4. ಪಾತ್ರೆಯ ಹೊರಬದಿಯನ್ನು ತಣ್ಣೀರಿನಲ್ಲಿಟ್ಟು ಆರಿಸಿ, ಮುಂಗೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟು ಬಿಸಿ ಪರೀಕ್ಷಿಸಿಯೇ ಕುಡಿಸಬೇಕು.

ಮೂರನೆಯ ಅಂಶವನ್ನು ಮತ್ತೊಮ್ಮೆ ಒತ್ತಿ ಹೇಳುತ್ತೇನೆ. ಪುಡಿಯ ಬೆಲೆ ಬಡ ಕುಟುಂಬಗಳಿಗೆ ಭಾರ. ಡಬ್ಬಿ ಹೆಚ್ಚು ದಿನ ಬರಲೆಂದು ನೀರು ಹೆಚ್ಚಿಸಿದರೆ ಮಗುವಿನ ಹೊಟ್ಟೆ ತುಂಬುತ್ತದೆ, ಮೈಗೆ ಹತ್ತುವುದಿಲ್ಲ. ನೋಡನೋಡುತ್ತಲೇ ಮಗು ಸೊರಗುತ್ತದೆ. ಹಾಲು ಗಟ್ಟಿಯಾಗಲಿ ಎಂದು ಪುಡಿ ಹೆಚ್ಚಿಸುವುದೂ ಅಪಾಯವೇ. ಮಗುವಿನ ಎಳೆಯ ಮೂತ್ರಪಿಂಡಗಳಿಗೆ ಹೊರೆಯಾಗುತ್ತದೆ.

ಇನ್ನು ಅವಧಿಯ ವಿಷಯ. ಕಲಸಿದ ಹಾಲನ್ನು ಕೂಡಲೇ ಕುಡಿಸುವುದು ಉತ್ತಮ. ಎರಡು ಗಂಟೆಯೊಳಗೆ ಬಳಸದಿದ್ದರೆ ಚೆಲ್ಲಬೇಕು. ಮಗು ಕುಡಿದು ಬಿಟ್ಟ ಹಾಲನ್ನು ಮತ್ತೊಂದು ಹೊತ್ತಿಗೆ ಇಡಲೇಬಾರದು. ಮುಂಚಿತವಾಗಿ ತಯಾರಿಸುವುದು ಅನಿವಾರ್ಯವಾದರೆ ತಕ್ಷಣ ತಣಿಸಿ, 5 ಡಿಗ್ರಿಗಿಂತ ಹೆಚ್ಚಿಲ್ಲದ ಫ್ರಿಜ್‌ನಲ್ಲಿಟ್ಟು 24 ಗಂಟೆಯೊಳಗೆ ಬಳಸಬಹುದು. ಆದರೆ ಗಂಟೆಗಟ್ಟಲೆ ವಿದ್ಯುತ್ ಕಡಿತವಾಗುವ ಊರಿನಲ್ಲಿ ಫ್ರಿಜ್ಜನ್ನು ನೆಚ್ಚುವಂತಿಲ್ಲ; ಆಯಾ ಹೊತ್ತಿಗೆ ಆಗಲೇ ತಯಾರಿಸುವುದು ಕ್ಷೇಮ. ಪ್ರಯಾಣಕ್ಕೆ ಕಲಸಿದ ಹಾಲನ್ನು ಒಯ್ಯುವ ಬದಲು ಕುದಿಸಿದ ಬಿಸಿನೀರನ್ನು ಶುಚಿಯಾದ ಫ್ಲಾಸ್ಕಿನಲ್ಲಿಯೂ ಪುಡಿಯನ್ನು ಪ್ರತ್ಯೇಕವಾಗಿಯೂ ಒಯ್ಯಬೇಕು. ತೆರೆದ ಡಬ್ಬಿಯನ್ನು ಬಿಗಿಯಾಗಿ ಮುಚ್ಚಿ ತೇವವಿಲ್ಲದ ಜಾಗದಲ್ಲಿಟ್ಟು, ತೆರೆದ ದಿನಾಂಕವನ್ನು ಡಬ್ಬಿಯ ಮೇಲೆಯೇ ಬರೆಯಬೇಕು.

ಮಾನ್ಯ ಸದಸ್ಯರೇ, ಇಷ್ಟೆಲ್ಲವನ್ನೂ ಒಬ್ಬ ಅಜ್ಜಿ ಚಾಚೂ ತಪ್ಪದೆ ಪಾಲಿಸಿದರೂ ಅವರ ಕೈಮೀರಿದ ಒಂದು ಸಂಗತಿ ಉಳಿಯುತ್ತದೆ: ನೀರಿನಲ್ಲಿ ಕರಗಿರುವ ರಾಸಾಯನಿಕ. ಕುದಿಸುವುದರಿಂದ ಕ್ರಿಮಿಗಳು ಸಾಯುತ್ತವೆ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅವುಗಳ ಸಾಂದ್ರತೆ ಹೆಚ್ಚುತ್ತದೆ. ಭಾರತೀಯ ಮಾನಕ 10500ರ ಪ್ರಕಾರ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರುವಂತಿಲ್ಲ. ಮೀರಿದರೆ ಹಸುಗೂಸಿನ ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಂದಿ, ಮೈ ನೀಲಿಗಟ್ಟುವ ಅಪಾಯವಿದೆ. ತಿಪ್ಪೆಗುಂಡಿ, ಶೌಚದ ಗುಂಡಿಗಳ ಸಮೀಪದ ಕೊಳವೆಬಾವಿಗಳಲ್ಲಿ ಹಾಗೂ ಗೊಬ್ಬರ ಹೆಚ್ಚು ಬಳಸುವ ಹೊಲಗಳ ಮಗ್ಗುಲಲ್ಲಿ ಈ ಎಚ್ಚರ ಅಗತ್ಯ. ಫ್ಲೋರೈಡ್‌ಗೆ ಅಪೇಕ್ಷಿತ ಮಿತಿ 1 ಮಿಲಿಗ್ರಾಂ; ಬೇರೆ ಜಲಮೂಲವಿಲ್ಲದಿದ್ದಲ್ಲಿ 1.5 ಮಿಲಿಗ್ರಾಂ.

ಆದುದರಿಂದ ತಮ್ಮಲ್ಲಿ ನನ್ನ ವಿನಂತಿಗಳು ನಾಲ್ಕು. ಒಂದು, ಪ್ರತಿ ಜಲಮೂಲದ ಪರೀಕ್ಷಾ ವರದಿಯನ್ನು ಪಂಚಾಯತಿ ಸಭೆಯಲ್ಲಿ ಓದಿಸಿ, ಯಾವ ಕೊಳವೆಬಾವಿಯ ನೀರು ಶಿಶುಗಳಿಗೆ ತಕ್ಕುದಲ್ಲವೆಂಬುದನ್ನು ಆಶಾ ಕಾರ್ಯಕರ್ತೆಯರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಲಿಖಿತವಾಗಿ ತಿಳಿಸಿರಿ. ಎರಡು, ಓವರ್‌ಹೆಡ್ ಟ್ಯಾಂಕ್ ಶುಚಿಗೊಳಿಸಿದ ದಿನಾಂಕವನ್ನೂ, ಕೊನೆಯ ನಲ್ಲಿಯಲ್ಲಿ ಕ್ಲೋರಿನ್ ಲೀಟರಿಗೆ 0.2 ಮಿಲಿಗ್ರಾಂ ಉಳಿದಿದೆಯೇ ಎಂಬುದನ್ನೂ ವಾಟರ್‌ಮ್ಯಾನ್‌ನಿಂದ ಕೇಳಿ ತಿಳಿಯಿರಿ. ಕೆಟ್ಟು ನಿಂತ ಶುದ್ಧ ಕುಡಿಯುವ ನೀರಿನ ಘಟಕದ ದುರಸ್ತಿಯನ್ನು ಮುಂದಿನ ಸಭೆಗೆ ದೂಡಬೇಡಿ. ಮೂರು, ಕೂಸಿನ ಮನೆ ಇರುವಲ್ಲಿ ಸಾಬೂನು, ಒಲೆ, ಮುಚ್ಚಳವಿರುವ ಪಾತ್ರೆ ಇವೆಯೇ ಎಂದು ಖುದ್ದಾಗಿ ನೋಡಿರಿ; ಅಲ್ಲಿಗೆ ಬಂದು ಎದೆಹಾಲುಣಿಸಲು ಕೂಲಿಯ ತಾಯಂದಿರಿಗೆ ಬಿಡುವು ದೊರೆಯುವಂತೆ ಕಾಯಕ ಬಂಧುಗಳಿಗೆ ಸೂಚಿಸಿರಿ. ನಾಲ್ಕು, 1992ರ ಶಿಶು ಹಾಲಿನ ಬದಲಿ ಪದಾರ್ಥಗಳ ಕಾಯ್ದೆಯು ಇವುಗಳ ಜಾಹೀರಾತನ್ನೂ, ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. ನಮ್ಮ ಶಿಬಿರಗಳಲ್ಲಿ ಅದಕ್ಕೆ ಎಡೆಗೊಡಬೇಡಿ.

ಕೊನೆಯದಾಗಿ, ಯಾವ ಮನೆಯಲ್ಲಿ ಮಗುವಿಗೆ ಪುಡಿ ಹಾಲು ಕೊಡುತ್ತಾರೆಂಬುದು ಗ್ರಾಮಸಭೆಯಲ್ಲಿ ಹೆಸರು ಹಿಡಿದು ಆಡುವ ಮಾತಲ್ಲ. ಆರೋಗ್ಯ ಕಾರ್ಯಕರ್ತೆಯರ ಮೂಲಕ ಆ ಮನೆಗೆ ಮಾಹಿತಿ ತಲುಪಲಿ. ಮಗುವಿಗೆ ಭೇದಿ, ಜ್ವರ, ಹಾಲು ಕುಡಿಯದಿರುವಿಕೆ, ಮಂಕು ಕಂಡುಬಂದರೆ ತಡಮಾಡದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಲಿ. ನಲ್ಲಿಯವರೆಗೆ ಶುದ್ಧ ನೀರು ತಲುಪಿಸುವುದು ನಮ್ಮ ಪಾಲು. ಅದು ಸರಿಯಾಗಿದ್ದರೆ ಒಲೆಯ ಮುಂದಿರುವವರ ಎಚ್ಚರಿಕೆ ಫಲ ಕೊಡುತ್ತದೆ.